ಪರದೆ ಕಟ್ಟಿದ ಅಕ್ಕ: ವಿಜಯಾ ಮುಳೆ ಮತ್ತು ನಮ್ಮೂರಿಗೆ ಬಾರದ ಸಿನಿಮಾ

ಈ ವಾರದ ಎಪಿಸೋಡ್ ಒಂದು ಕಾರ್ಟೂನ್‌ನಿಂದ ಶುರು. ನಿಮ್ಮ ಮನೆಯಲ್ಲಿ ದೂರದರ್ಶನ ನೋಡ್ತಾ ಬೆಳೆದ ಅಣ್ಣ, ಅಕ್ಕ, ಕಾಕಾ, ಚಿಕ್ಕಮ್ಮ ಯಾರಾದ್ರೂ ಇದ್ರೆ ಅವರ ಮುಂದೆ ‘ಏಕ್ ಅನೇಕ್ ಔರ್ ಏಕತಾ’ ಅಂತ ಹೇಳಿ ನೋಡ್ರಿ. ಮುಖ ಅರಳುತ್ತೆ. ಬೇಟೆಗಾರ ಬಲೆ ಹಾಕ್ತಾನೆ, ಹಕ್ಕಿಗಳು ಸಿಕ್ಕಿಬೀಳ್ತವೆ, ಎಲ್ಲಾ ಸೇರಿ ಬಲೆ ಸಮೇತ ಹಾರಿಹೋಗ್ತವೆ, ಇಲಿಗಳು ಬಂದು ಬಲೆ ಕಡೀತವೆ. ಏಳೇ ನಿಮಿಷದ ಚಿತ್ರ. ಒಂದು ಅಂದ್ರೇನು, ಅನೇಕ ಅಂದ್ರೇನು ಅಂತ ಒಬ್ಬ ದೀದಿ ಮಕ್ಕಳಿಗೆ ಹೇಳಿಕೊಡೋ ಕಥೆ ಅದು.

ಹಾಡು ಎಲ್ಲರಿಗೂ ಬರುತ್ತೆ. ಮಾಡಿದವರು ಯಾರು ಅಂತ ಕೇಳಿ, ಯಾರಿಗೂ ಗೊತ್ತಿಲ್ಲ.

ಮಾಡಿದವರ ಹೆಸರು ವಿಜಯಾ ಮುಳೆ. 1974ರ ಚಿತ್ರ. ಎನ್‌ಸಿಇಆರ್‌ಟಿಯ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರಕ್ಕೆ ಮಾಡಿದ್ದು. ಚಿತ್ರ ಬರೆದು ಓಡಿಸಿದವರು ಭೀಮಸೇನ್, ಸಂಗೀತ ವಸಂತ ದೇಸಾಯಿ. ಅತ್ಯುತ್ತಮ ಶೈಕ್ಷಣಿಕ ಚಿತ್ರ ಅಂತ ರಾಷ್ಟ್ರಪ್ರಶಸ್ತಿನೂ ಬಂತು. ಸಿನಿಮಾದವರೆಲ್ಲ ಈಕೆಯನ್ನ ಕರೀತಿದ್ದಿದ್ದು ‘ಅಕ್ಕ’ ಅಂತ. ಮರಾಠಿಯಲ್ಲೂ ಅಕ್ಕ ಅಂದ್ರೆ ಅಕ್ಕನೇ, ಬಸವಕಲ್ಯಾಣದವರಿಗೆ ನಾನು ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಊರು ಮರಾಠಿ ಮಾತಾಡುತ್ತೆ.

ಆದ್ರೆ ಇವತ್ತಿನ ಎಪಿಸೋಡ್ ಆ ಕಾರ್ಟೂನ್ ಬಗ್ಗೆ ಅಲ್ಲ. ಈ ಅಕ್ಕ ಸಿನಿಮಾ ಮಾಡೋಕೆ ಮುಂಚೆ ಇಪ್ಪತ್ತು ವರ್ಷ ಇನ್ನೊಂದು ಕೆಲಸ ಮಾಡಿದ್ರು. ಸಿನಿಮಾ ತೋರಿಸೋ ಕೆಲಸ. ಬೇರೆಯವರು ಮಾಡಿದ ಒಳ್ಳೆ ಸಿನಿಮಾವನ್ನ ಎಲ್ಲಿಂದಲೋ ತರಿಸಿ, ಪರದೆ ಕಟ್ಟಿಸಿ, ಜನ ಕೂರಿಸಿ ತೋರಿಸೋದು. ಮಾಡಿದವರಿಗೆ ಪ್ರಶಸ್ತಿ ಇದೆ, ನಟಿಸಿದವರಿಗೆ ಕಟೌಟ್ ಇದೆ. ತೋರಿಸಿದವರಿಗೆ ಏನಿದೆ? ನಾನು ಓದಿದ್ದು ಬಿಕಾಂ. ಹಾಗಾಗಿ ನನಗೆ ಈ ಪ್ರಶ್ನೆ ಮೊದಲು ಬರುತ್ತೆ: ಮಾಲು ತಯಾರಾಯ್ತು ಸರಿ, ಅಂಗಡಿ ತನಕ ತಂದಿದ್ದು ಯಾರು?

ನಮ್ಮ ಕಡೆಯ ವಿಷಯ ಮೊದಲು ನೋಡೋಣ. ಹುಮನಾಬಾದ್, ಬಸವಕಲ್ಯಾಣಕ್ಕೆ ಯಾವ ಸಿನಿಮಾ ಬರಬೇಕು ಅಂತ ತೀರ್ಮಾನ ಆಗ್ತಿದ್ದಿದ್ದು ಬೆಂಗಳೂರಲ್ಲಿ ಮಾತ್ರ ಅಲ್ಲ. ಬೀದರ್ ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು, ಅದು ನಿಮಗೆ ಗೊತ್ತು. ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. ಹಿಂದಿ ಸಿನಿಮಾ ವ್ಯಾಪಾರದವರು ದೇಶವನ್ನ ಟೆರಿಟರಿ ಅಂತ ಹಂಚಿಕೊಂಡಿದ್ದಾರೆ. ಅದರಲ್ಲಿ ಒಂದರ ಹೆಸರು ಇವತ್ತಿಗೂ ‘ನಿಜಾಮ್’. ರಾಜ್ಯ ಹೋಯ್ತು, ರಾಜ ಹೋದ, ರಾಜ್ಯದ ಹೆಸರು ಎರಡು ಸಲ ಬದಲಾಯ್ತು. ಹಂಚಿಕೆದಾರರ ಖಾತೆ ಪುಸ್ತಕದಲ್ಲಿ ಮಾತ್ರ ನಿಜಾಮ ಇನ್ನೂ ಆಳ್ತಾ ಇದ್ದಾನೆ. ನಮ್ಮ ಹಳೆ ಹೈದರಾಬಾದ್ ಜಿಲ್ಲೆಗಳು ಆ ಲೆಕ್ಕದಲ್ಲೇ ಬರ್ತವೆ.

ಅಂದ್ರೆ ಪರದೆ ಮೇಲೆ ಏನು ಬರಬೇಕು ಅನ್ನೋದು ಪೆಟ್ಟಿಗೆ ಕಳಿಸೋನ ಕೈಯಲ್ಲಿ. ಅವನು ನೋಡೋದು ಒಂದೇ: ಈ ಪೆಟ್ಟಿಗೆ ಈ ಊರಲ್ಲಿ ಎಷ್ಟು ವಾರ ಓಡುತ್ತೆ. ವ್ಯಾಪಾರಿಗೆ ಅದು ತಪ್ಪೂ ಅಲ್ಲ. ಜಾತ್ರೆಯಲ್ಲಿ ಡೇರೆ ಹಾಕಿದ ಟೂರಿಂಗ್ ಟಾಕೀಸಿನವನಿಗೂ ಅದೇ ಲೆಕ್ಕ, ಊರ ನಡುವಿನ ಥೇಟರಿನವನಿಗೂ ಅದೇ ಲೆಕ್ಕ. ಆ ಲೆಕ್ಕದಲ್ಲಿ ‘ಪಥೇರ್ ಪಾಂಚಾಲಿ’ ಹುಮನಾಬಾದ್‌ಗೆ ಬರೋದಿಲ್ಲ. ಜಪಾನಿನ ‘ರಾಶೋಮನ್’ ಬರೋದಿಲ್ಲ. ಅಷ್ಟು ದೂರ ಯಾಕೆ, ನಮ್ಮ ಕನ್ನಡದ್ದೇ ‘ಸಂಸ್ಕಾರ’, ‘ಚೋಮನ ದುಡಿ’ ಸುಲಭಕ್ಕೆ ಬರೋದಿಲ್ಲ.

ಹಾಗಾದ್ರೆ ಅಂಥ ಸಿನಿಮಾ ಯಾವ ದಾರಿಯಲ್ಲಿ ಬರುತ್ತೆ? ಆ ದಾರಿ ಹಾಕಿದವರಲ್ಲಿ ಒಬ್ಬರು ವಿಜಯಾ ಮುಳೆ.

ಹುಟ್ಟಿದ್ದು ಮುಂಬೈ, 1921ರ ಮೇ 16. ಬೇಗ ಮದುವೆ ಆಯ್ತು. 1940ರಲ್ಲಿ ಗಂಡನಿಗೆ ಪಟ್ನಾಕ್ಕೆ ವರ್ಗ ಆಯ್ತು, ಈಕೆನೂ ಹೋದ್ರು. ಹತ್ತೊಂಬತ್ತು ವರ್ಷದ ಮರಾಠಿ ಹುಡುಗಿ, ಗುರುತು ಪರಿಚಯ ಇಲ್ಲದ ಬಿಹಾರ. ಇಂಥಲ್ಲಿ ಹೆಚ್ಚಿನವರ ಕಥೆ ಅಡುಗೆಮನೆಗೆ ಹೋಗಿ ನಿಲ್ಲುತ್ತೆ. ಈಕೆಯದು ನಿಲ್ಲಲಿಲ್ಲ, ಅದಕ್ಕೆ ಎರಡು ಕಾರಣ. ಒಂದು, ಪಟ್ನಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳು ಕಾಲೇಜಿಗೆ ಹೋಗದೇ ಖಾಸಗಿಯಾಗಿ ಓದಿ ಡಿಗ್ರಿ ಪರೀಕ್ಷೆ ಕಟ್ಟಬಹುದಿತ್ತು. ಇನ್ನೊಂದು, ಊರಿನ ಒಂದು ಥೇಟರ್‌ನಲ್ಲಿ ಭಾನುವಾರ ಬೆಳಿಗ್ಗೆ ಕಡಿಮೆ ರೇಟಿಗೆ ಇಂಗ್ಲಿಷ್ ಸಿನಿಮಾ ಹಾಕ್ತಿದ್ರು.

ಆ ಎರಡನೇದರ ಮೇಲೆ ಸ್ವಲ್ಪ ನಿಲ್ತೀನಿ. ಭಾನುವಾರ ಬೆಳಿಗ್ಗೆ ಶೋ ಯಾಕೆ? ಯಾಕಂದ್ರೆ ಆ ಹೊತ್ತಿಗೆ ಥೇಟರ್ ಹೇಗೂ ಖಾಲಿ. ಕಟ್ಟಡ ಇದೆ, ಮಷೀನ್ ಇದೆ, ಆಪರೇಟರ್ ಸಂಬಳ ಹೇಗೂ ಕೊಡ್ತಾ ಇದ್ದಾರೆ. ಎಷ್ಟು ಬಂದ್ರೂ ಲಾಭನೇ. ಮಾಲೀಕನಿಗೆ ಕಲೆ ಮೇಲೆ ಪ್ರೀತಿ ಇದ್ದಿರಲೇಬೇಕು ಅಂತ ಏನಿಲ್ಲ. ಆದ್ರೆ ಆ ಖಾಲಿ ಹೊತ್ತಿನಲ್ಲಿ ಒಬ್ಬ ಹುಡುಗಿಗೆ ಸಿನಿಮಾ ಅಂದ್ರೆ ಇಷ್ಟೇ ಅಲ್ಲ, ಇನ್ನೂ ಏನೋ ಇದೆ ಅಂತ ಗೊತ್ತಾಯ್ತು. ಮುಂದೆ ಜಗತ್ತಿನ ಎಲ್ಲಾ ಫಿಲ್ಮ್ ಸೊಸೈಟಿಗಳು ಬದುಕಿದ್ದು ಇಂಥ ಖಾಲಿ ಹೊತ್ತುಗಳ ಮೇಲೇನೇ.

1946ರಲ್ಲಿ ಈಕೆಗೆ ಸರ್ಕಾರಿ ಸ್ಕಾಲರ್‌ಶಿಪ್ ಸಿಕ್ತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಓದು. ಅಲ್ಲಿ ಫಿಲ್ಮ್ ಸೊಸೈಟಿ ಸೇರಿದ್ರು.

ಫಿಲ್ಮ್ ಸೊಸೈಟಿ ಅಂದ್ರೇನು ಅಂತ ಕೇಳ್ತೀರಿ. ಬೇರು ಲಂಡನ್ನಿನಲ್ಲಿದೆ. 1925ರಲ್ಲಿ ಅಲ್ಲಿ ಕೆಲವರು ಸೇರಿ ಒಂದು ಸೊಸೈಟಿ ಮಾಡಿದ್ರು. ಮಾರುಕಟ್ಟೆ ತರದ ಸಿನಿಮಾ, ಸೆನ್ಸಾರ್ ಬಿಡದ ಸಿನಿಮಾ ಇವನ್ನ ಸದಸ್ಯರಿಗೆ ಮಾತ್ರ ತೋರಿಸೋದು. ಶುರು ಮಾಡಿದವರಲ್ಲಿ ಐರಿಸ್ ಬ್ಯಾರಿ ಅಂತ ಒಬ್ಬ ಪತ್ರಕರ್ತೆ ಇದ್ರು. ಆಕೆ ಆಮೇಲೆ ನ್ಯೂಯಾರ್ಕ್‌ಗೆ ಹೋಗಿ, 1935ರಲ್ಲಿ ಅಲ್ಲಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಸಿನಿಮಾ ಸಂಗ್ರಹವನ್ನೇ ಕಟ್ಟಿದ್ರು. ಸಿನಿಮಾವನ್ನ ಮ್ಯೂಸಿಯಮ್ಮಿನಲ್ಲಿ ಇಡ್ತೀರಾ ಅಂತ ನಗೋ ಕಾಲ ಅದು. ಅದೇ ಲಂಡನ್ನಿನಲ್ಲಿ 1930ರ ದಶಕದಲ್ಲಿ ಎಲ್ಸಿ ಕೋಹೆನ್ ಅನ್ನೋ ಇನ್ನೊಬ್ಬ ಹೆಣ್ಣುಮಗಳು ಆಕ್ಸ್‌ಫರ್ಡ್ ಸ್ಟ್ರೀಟಿನ ಅಕಾಡೆಮಿ ಥೇಟರನ್ನ ಬರೀ ಯುರೋಪಿನ ಕಲಾತ್ಮಕ ಸಿನಿಮಾಗಳಿಗೆ ಅಂತಲೇ ನಡೆಸಿದ್ರು. ತೋರಿಸೋ ಕೆಲಸದಲ್ಲಿ ಹೆಣ್ಣುಮಕ್ಕಳು ಮೊದಲಿಂದಲೂ ಇದ್ದಾರೆ. ನನ್ನ ಅನಿಸಿಕೆ ಹೇಳ್ತೀನಿ: ಸ್ಟುಡಿಯೋದ ದೊಡ್ಡ ದುಡ್ಡಿನ ಕುರ್ಚಿ ಇವರಿಗೆ ಸಿಗಲಿಲ್ಲ. ದುಡ್ಡು ಇಲ್ಲದ ಈ ಕೆಲಸಕ್ಕೆ ಗಂಡಸರ ಪೈಪೋಟಿ ಕಡಿಮೆ ಇತ್ತು, ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಒಳಗೆ ಬಂದ್ರು.

ನಮ್ಮ ದೇಶದಲ್ಲಿ 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಶುರುವಾಯ್ತು. ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು. ರಾಯ್ ಆಗಿನ್ನೂ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯೋ ನೌಕರ. ಮೊದಲು ತೋರಿಸಿದ್ದು ರಷ್ಯಾದ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’, 1925ರ ಮೂಕಿ ಚಿತ್ರ.

ವಿಜಯಾ ಮುಳೆ ಪಟ್ನಾಕ್ಕೆ ವಾಪಸ್ ಬಂದಿದ್ದು 1949ರಲ್ಲಿ. ಆ ಹೊತ್ತಿಗೆ ನಮ್ಮ ಬೀದರ್ ಜಿಲ್ಲೆ ನಿಜಾಮನ ಕೈಯಿಂದ ಬಿಡಿಸಿಕೊಂಡು ಒಂದು ವರ್ಷ ಆಗಿತ್ತಷ್ಟೆ. ಈಕೆ ಗೆಳೆಯರನ್ನ ಕೂಡಿಸಿ ಪಟ್ನಾ ಫಿಲ್ಮ್ ಸೊಸೈಟಿ ಶುರು ಮಾಡಿದ್ರು. ಕಲ್ಕತ್ತಾ, ಬಾಂಬೆಯಲ್ಲಿ ಫಿಲ್ಮ್ ಸೊಸೈಟಿ ಅಂದ್ರೆ ಯಾರಿಗೂ ಆಶ್ಚರ್ಯ ಇಲ್ಲ. ಪಟ್ನಾ! ಸಿನಿಮಾ ತಯಾರಾಗದ ಊರು, ಸಿನಿಮಾ ಪತ್ರಿಕೆ ಇಲ್ಲದ ಊರು. ಈಕೆಯ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸೋದು ಇದೇ. ಸಿನಿಮಾ ಇರೋ ಕಡೆಗೆ ತಾನು ಹೋಗೋದು ಒಂದು ಬಗೆ, ತಾನು ಇರೋ ಕಡೆಗೆ ಸಿನಿಮಾ ತರಿಸೋದು ಇನ್ನೊಂದು ಬಗೆ. ನಮ್ಮ ಕಡೆಯ ಹುಡುಗರೆಲ್ಲ ಇಷ್ಟು ದಿನ ಮೊದಲನೇದನ್ನೇ ಮಾಡಿದ್ದೀವಿ. ಒಳ್ಳೆ ಸಿನಿಮಾ ಬೇಕಾ, ಬಸ್ ಹತ್ತು, ಹೈದರಾಬಾದ್‌ಗೆ ಹೋಗು.

1950ರಲ್ಲಿ ಮಗಳು ಸುಹಾಸಿನಿ ಹುಟ್ಟಿದ್ರು. ಮಗಳಿಗೆ ಮೂರು ವರ್ಷ ಇದ್ದಾಗ ಗಂಡ ತೀರಿಕೊಂಡ್ರು. 1954ರಲ್ಲಿ ಈಕೆ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿ ದೆಹಲಿಗೆ ಹೋದ್ರು. ಮೂವತ್ತಮೂರು ವರ್ಷ, ಒಬ್ಬಂಟಿ ತಾಯಿ, ಹಗಲು ಸರ್ಕಾರಿ ನೌಕರಿ. ಸಂಜೆ ಏನು ಮಾಡಿದ್ರು? ದೆಹಲಿ ಫಿಲ್ಮ್ ಸೊಸೈಟಿ ಕಟ್ಟಿದ್ರು.

(ಸುಹಾಸಿನಿ ಮುಳೆ ಯಾರು ಅಂತ ತಲೆ ಕೆರೀಬೇಡಿ. ‘ಲಗಾನ್’ನಲ್ಲಿ ಆಮಿರ್ ಖಾನ್ ತಾಯಿ. ಅದಕ್ಕೂ ಮುಂಚೆ, 1969ರಲ್ಲಿ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ನ ನಾಯಕಿ. ಆ ಚಿತ್ರದಲ್ಲಿ ಹಿನ್ನೆಲೆಯಲ್ಲಿ ಕಥೆ ಹೇಳೋ ದನಿ ಅಮಿತಾಭ್ ಬಚ್ಚನ್‌ದು.)

ಈಗ ಲೆಕ್ಕದ ಭಾಗ. ಬೇಜಾರಾದ್ರೆ ಎರಡು ನಿಮಿಷ ಮುಂದೆ ಓಡಿಸಿಕೊಳ್ಳಿ, ಆದ್ರೆ ನನ್ನ ಪ್ರಕಾರ ಕಥೆಯ ಜೀವ ಇಲ್ಲೇ ಇದೆ.

ಥೇಟರಿನವನು ಮಾರೋದು ಒಂದು ಶೋನ ಒಂದು ಸೀಟು. ಇವತ್ತು ಜನ ಬರಲಿಲ್ಲ ಅಂದ್ರೆ ಇವತ್ತೇ ನಷ್ಟ. ಅದಕ್ಕೇ ಅವನಿಗೆ ಹೊಸದು ತರೋಕೆ ಹೆದರಿಕೆ. ಫಿಲ್ಮ್ ಸೊಸೈಟಿ ಸೀಟು ಮಾರೋದಿಲ್ಲ, ಒಂದು ವರ್ಷ ಮಾರುತ್ತೆ. ನೀವು ವರ್ಷದ ಚಂದಾ ಮೊದಲೇ ಕೊಡ್ತೀರಿ, ವರ್ಷವಿಡೀ ತೋರಿಸಿದ್ದನ್ನ ನೋಡ್ತೀರಿ. ಉದಾಹರಣೆಗೆ ಇಟ್ಕೊಳ್ಳಿ: ಇವತ್ತಿನ ದುಡ್ಡಲ್ಲಿ 100 ಜನ, ತಲಾ 500 ರೂಪಾಯಿ. ಕೈಯಲ್ಲಿ 50,000. ತಿಂಗಳಿಗೆ ಎರಡು ಶೋ ಅಂದ್ರೆ ವರ್ಷಕ್ಕೆ 24, ಒಂದು ಶೋಗೆ ಸುಮಾರು 2,083 ರೂಪಾಯಿ ಸಿಕ್ತು. ಇದರಲ್ಲಿ ಯಾವ ಸಿನಿಮಾ ಹಾಕಿದ್ರೂ ಆ ದಿನದ ಗಲ್ಲಾಪೆಟ್ಟಿಗೆ ಬಗ್ಗೆ ಚಿಂತೆ ಇಲ್ಲ. ಹತ್ತು ಜನ ಬಂದ್ರೂ ನಡೆಯುತ್ತೆ, ಮಧ್ಯೆ ಎದ್ದು ಹೋದ್ರೂ ನಡೆಯುತ್ತೆ. ನೋಡೋನು ತನಗೆ ಗೊತ್ತಿಲ್ಲದ್ದಕ್ಕೆ ಮುಂಗಡ ಕೊಟ್ಟಿದ್ದಾನೆ. ತೋರಿಸೋರ ಮೇಲೆ ನಂಬಿಕೆ ಇಟ್ಟು ಕೊಟ್ಟ ದುಡ್ಡು ಅದು. ಆ ನಂಬಿಕೆನೇ ಬಂಡವಾಳ.

ಇನ್ನು ಖರ್ಚು. ಥೇಟರಿನ 35 ಎಂಎಂ ಮಷೀನು ಎತ್ತಿಕೊಂಡು ಓಡಾಡೋ ವಸ್ತು ಅಲ್ಲ. ಸೊಸೈಟಿಗಳು ಬಳಸಿದ್ದು 16 ಎಂಎಂ ಪ್ರೊಜೆಕ್ಟರ್. ರಿಕ್ಷಾದಲ್ಲಿ ಇಟ್ಟುಕೊಂಡು ಹೋಗಬಹುದು, ಕಾಲೇಜಿನ ಹಾಲ್‌ನಲ್ಲಿ ಬಿಳಿ ಬಟ್ಟೆ ಕಟ್ಟಿ ಹಾಕಬಹುದು. ಒಂದೇ ಮಷೀನ್ ಇದ್ರೆ ರೀಲ್ ಮುಗಿದಾಗ ಲೈಟ್ ಹಾಕಬೇಕು, ಇನ್ನೊಂದು ರೀಲ್ ಏರಿಸಬೇಕು, ಅಷ್ಟೊತ್ತು ಜನ ಸುಮ್ಮನೆ ಕೂರಬೇಕು. ಅಥವಾ ಮಾತಾಡಬೇಕು. ಸಿನಿಮಾ ಎಲ್ಲಿಂದ? ಹೆಚ್ಚಿನದು ವಿದೇಶಿ ರಾಯಭಾರ ಕಚೇರಿಗಳಿಂದ. ಸೋವಿಯತ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಫ್ರಾನ್ಸ್, ಎಲ್ಲರಿಗೂ ತಮ್ಮ ದೇಶದ ಸಿನಿಮಾ ಭಾರತದಲ್ಲಿ ನೋಡಲಿ ಅನ್ನೋ ಆಸೆ. ಶೀತಲ ಸಮರದ ಲಾಭ ಸಿನಿಮಾ ನೋಡೋರಿಗೆ ಸಿಕ್ಕಿದ್ದು ಹೀಗೆ. ದೆಹಲಿಯಲ್ಲಿ ಕೂತ ಒಬ್ಬ ಅಧಿಕಾರಿಗೆ ಆ ಕಚೇರಿಗಳ ಬಾಗಿಲು ಹತ್ತಿರ. ಪಟ್ನಾದಲ್ಲಿ ಕೂತವರಿಗೆ ದೂರ.

ಅದಕ್ಕೇ ಒಕ್ಕೂಟ ಬೇಕಾಯ್ತು. ಒಂದು ಪ್ರಿಂಟ್ ದೆಹಲಿಗೆ ಬಂತು ಅಂದ್ರೆ ಅಲ್ಲೇ ನೋಡಿ ವಾಪಸ್ ಕಳಿಸೋದಲ್ಲ. ದೆಹಲಿಯಿಂದ ಪಟ್ನಾ, ಪಟ್ನಾದಿಂದ ಕಲ್ಕತ್ತಾ, ಅಲ್ಲಿಂದ ಮದ್ರಾಸ್, ಹೀಗೆ ರೈಲಿನಲ್ಲಿ ಸುತ್ತಿಸಬೇಕು. 1959ರ ಡಿಸೆಂಬರ್‌ನಲ್ಲಿ ಫೆಡರೇಶನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾ ಹುಟ್ಟಿತು. ಅಧ್ಯಕ್ಷ ಸತ್ಯಜಿತ್ ರಾಯ್. ಉಪಾಧ್ಯಕ್ಷರಲ್ಲಿ ಒಬ್ಬರು ಅಮ್ಮು ಸ್ವಾಮಿನಾಥನ್, ಸಂವಿಧಾನ ಸಭೆಯ ಸದಸ್ಯೆ ಆಗಿದ್ದವರು, ಕ್ಯಾಪ್ಟನ್ ಲಕ್ಷ್ಮಿಯ ತಾಯಿ. ಜಂಟಿ ಕಾರ್ಯದರ್ಶಿಗಳು ಇಬ್ಬರು: ಚಿದಾನಂದ ದಾಸ್‌ಗುಪ್ತ, ವಿಜಯಾ ಮುಳೆ.

ಯಾವುದೇ ಸಂಘದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಅಧ್ಯಕ್ಷರ ಫೋಟೋ ಬರುತ್ತೆ, ಕಾರ್ಯದರ್ಶಿಯ ಕೈ ನೋಯುತ್ತೆ. ಪತ್ರ ಬರೆಯೋದು, ಪ್ರಿಂಟ್ ಎಲ್ಲಿದೆ ಅಂತ ಹುಡುಕೋದು, ಸರ್ಕಾರದ ಹತ್ತಿರ ಅರ್ಜಿ ಹಾಕೋದು. ಆಗ ಅರ್ಜಿ ಹಾಕಬೇಕಾದ ವಿಷಯ ಮುಖ್ಯವಾಗಿ ಎರಡು. ಒಂದು ಮನರಂಜನಾ ತೆರಿಗೆ, ಅದು ರಾಜ್ಯ ಸರ್ಕಾರಗಳದು. ಸದಸ್ಯರು ಚಂದಾ ಕೊಟ್ಟು ತಾವೇ ನೋಡೋ ಸಿನಿಮಾಕ್ಕೂ ಟಿಕೆಟ್ ಮಾರಿದಂತೆ ತೆರಿಗೆ ಹಾಕಿದ್ರೆ ಮೇಲಿನ ಲೆಕ್ಕವೆಲ್ಲ ಬುಡಮೇಲು. ಇನ್ನೊಂದು ಸೆನ್ಸಾರ್. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸೋ ಯಾವ ಚಿತ್ರಕ್ಕೂ ಸರ್ಟಿಫಿಕೇಟ್ ಬೇಕು. ಒಂದೇ ಸಲ ತೋರಿಸಿ ವಾಪಸ್ ಕಳಿಸೋ ಪ್ರಿಂಟಿಗೆ ಯಾರು ಆ ಖರ್ಚು ಮಾಡ್ತಾರೆ? ಮುಂದೆ ಈ ಎರಡರಲ್ಲೂ ಸೊಸೈಟಿಗಳಿಗೆ ವಿನಾಯಿತಿ ಸಿಕ್ತು. ಇಂದಿರಾ ಗಾಂಧಿ ಈ ಒಕ್ಕೂಟದ ಉಪಾಧ್ಯಕ್ಷೆ ಆಗಿದ್ದವರು, 1964ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿ ಆದ್ರು. ಅದು ಅನುಕೂಲಕ್ಕೆ ಬಂತು.

ಇಲ್ಲಿ ಕಥೆ ಸ್ವಲ್ಪ ಸಿಕ್ಕಾಗುತ್ತೆ. 1960ರ ದಶಕದಲ್ಲಿ ವಿಜಯಾ ಮುಳೆಗೆ ವರ್ಗ ಆಗಿದ್ದು ಎಲ್ಲಿಗೆ ಗೊತ್ತಾ? ಸೆನ್ಸಾರ್ ಮಂಡಳಿಗೆ. ಮೊದಲು ಬಾಂಬೆ, ಆಮೇಲೆ ಕಲ್ಕತ್ತಾ. ಕತ್ತರಿ ಹಾಕದ ಸಿನಿಮಾ ತೋರಿಸಬೇಕು ಅಂತ ಓಡಾಡಿದ ಹೆಣ್ಣುಮಗಳು ಕತ್ತರಿಯ ಆಫೀಸಿನಲ್ಲಿ. ಇದನ್ನ ಕೇಳಿ ನನ್ನ ಗೆಳೆಯನೊಬ್ಬ ಅಂದ, ಹಾಗಾದ್ರೆ ಎರಡೂ ಕಡೆ ಆಟ ಆಡಿದ್ರು ಅಲ್ಲೇನ್ರೀ ಅಂತ. ನಾನು ಒಪ್ಪೋದಿಲ್ಲ. ಸರ್ಕಾರಿ ನೌಕರಿಯಲ್ಲಿ ವರ್ಗ ನಾವು ಕೇಳಿದ ಕಡೆ ಆಗೋದಿಲ್ಲ, ಮಕ್ಕಳಿರೋ ಒಬ್ಬಂಟಿ ತಾಯಿ ನೌಕರಿ ಬಿಟ್ಟು ಕೂರೋಕೂ ಆಗೋದಿಲ್ಲ. ಆದ್ರೆ ಪೂರ್ತಿ ಪಾರು ಮಾಡೋಕೂ ನನಗೆ ಮನಸ್ಸಿಲ್ಲ. ಒಳ್ಳೆ ಸಿನಿಮಾ ಬಲ್ಲ ಕೆಲವೇ ಜನಕ್ಕೆ ಕತ್ತರಿ ಇಲ್ಲದ ಸಿನಿಮಾ, ಉಳಿದ ಸಾವಿರಾರು ಜನಕ್ಕೆ ಕತ್ತರಿ ಹಾಕಿದ್ದು. ಈ ವಿನಾಯಿತಿಯ ಒಳಗೆ ಅಂಥ ಒಂದು ಭೇದ ಇದೆ. ಸದಸ್ಯತ್ವದ ಬಾಗಿಲು ಯಾರಿಗೆ ತೆರೆದಿತ್ತು? ಇಂಗ್ಲಿಷ್ ಬರೋರಿಗೆ, ನಗರದವರಿಗೆ, ನೌಕರಿ ಇರೋರಿಗೆ. ಫಿಲ್ಮ್ ಸೊಸೈಟಿ ಚಳವಳಿ ಬಗ್ಗೆ ಹೊಗಳಿ ಬರೆಯೋರು ಈ ಮಾತು ಸಣ್ಣದಾಗಿ ಹೇಳಿ ದಾಟ್ತಾರೆ.

ಕಲ್ಕತ್ತಾದಲ್ಲಿದ್ದಾಗ ಫ್ರಾನ್ಸಿನ ನಿರ್ದೇಶಕ ಲೂಯಿ ಮಾಲ್ ಜೊತೆ ಸ್ನೇಹ ಆಯ್ತು. ಅವರು ಭಾರತದ ಮೇಲೆ ಮಾಡಿದ ಸಾಕ್ಷ್ಯಚಿತ್ರ ಸರಣಿಯನ್ನ ಬಿಬಿಸಿ ಪ್ರಸಾರ ಮಾಡಿದ್ದಕ್ಕೆ ನಮ್ಮ ಸರ್ಕಾರ ಸಿಟ್ಟಾಗಿ 1970ರಲ್ಲಿ ಬಿಬಿಸಿಯ ದೆಹಲಿ ಕಚೇರಿಯನ್ನೇ ಮುಚ್ಚಿಸಿತು. ಅದೇ ಹೊತ್ತಿಗೆ ಈಕೆ ತಾವೇ ಕ್ಯಾಮೆರಾ ಕಡೆ ಹೊರಳಿದ್ರು. ಹೂಗ್ಲಿ ನದಿಯಲ್ಲಿ ಸಮುದ್ರದ ಉಬ್ಬರ ಗೋಡೆ ತರಹ ಎದ್ದು ಬರೋದನ್ನ ಹಿಡಿದ ‘ದ ಟೈಡಲ್ ಬೋರ್’ ಮೊದಲ ಚಿತ್ರ.

ಈ ಚಳವಳಿ ಕರ್ನಾಟಕಕ್ಕೆ ಬಂದ ಬಗೆ ನಿಮಗೆ ಸ್ವಲ್ಪ ಗೊತ್ತಿರಬಹುದು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ. ‘ಸಂಸ್ಕಾರ’ ಬಂದು ಒಂದು ವರ್ಷ ಆಗಿದ್ದ ಹೊತ್ತು, ಹೊಸ ಅಲೆಯ ಕನ್ನಡ ಸಿನಿಮಾಕ್ಕೆ ನೋಡುಗರು ಹೀಗೇ ತಯಾರಾದ್ರು. 1973ರಲ್ಲಿ ಶಿವಮೊಗ್ಗ ಜಿಲ್ಲೆ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ. ಅಡಿಕೆ ತೋಟದ ನಡುವಿನ ಊರಲ್ಲಿ ಕುರೊಸಾವಾ, ರಾಯ್, ಡಿ ಸಿಕಾ. ಹಳ್ಳಿಯ ಜನಕ್ಕೆ ಇದು ಅರ್ಥ ಆಗೋದಿಲ್ಲ ಅನ್ನೋ ಮಾತು ಅಲ್ಲಿ ಸುಳ್ಳಾಯ್ತು. ನನಗೆ ಹೆಗ್ಗೋಡಿನ ಮೇಲೆ ಗೌರವ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ನಕ್ಷೆ ತೆಗೆದು ನೋಡ್ರಿ, ಅದು ರಾಜ್ಯದ ಆ ತುದಿ. ನಾವು ಈ ತುದಿ.

ಆದ್ರೆ ನಮ್ಮ ಪಕ್ಕದ ತನಕ ಒಂದು ಪರದೆ ಬಂದಿತ್ತು. ಅದನ್ನ ತಂದವರಲ್ಲಿ ಮತ್ತೆ ಈ ಅಕ್ಕ.

1975ರ ಆಗಸ್ಟ್‌ನಿಂದ 1976ರ ಜುಲೈ ತನಕ, ಒಂದು ವರ್ಷ, ಸೈಟ್ ಅನ್ನೋ ಪ್ರಯೋಗ ನಡೀತು. ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹ ಸಾಲ ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟೀವಿ. ದೇಶದ ದೊಡ್ಡ ದೊಡ್ಡ ನಗರಗಳಿಗೇ ಟೀವಿ ಇಲ್ಲದ ಕಾಲ ಅದು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನ. ಬೆಂಗಳೂರಿಗೆ ಟೀವಿ ಬರೋಕೆ ಮುಂಚೆ ಗುಲ್ಬರ್ಗಾದ ಹಳ್ಳಿಗೆ ಬಂತು! ನಮ್ಮ ಭಾಗಕ್ಕೆ ಏನಾದ್ರೂ ಮೊದಲು ಸಿಕ್ಕ ಉದಾಹರಣೆ ಎಷ್ಟಿದೆ ಹೇಳ್ರಿ. ಸುಮಾರು ಹತ್ತು ಅಡಿ ಅಗಲದ ತಂತಿ ಬಲೆಯ ಆಂಟೆನಾ ನಿಲ್ಲಿಸಿ, ಊರ ಮಂದಿಯೆಲ್ಲ ಒಂದೇ ಪೆಟ್ಟಿಗೆ ಮುಂದೆ ಕೂತು ನೋಡೋದು. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಎಲ್ಲರಿಗೆ. ಕನ್ನಡ ಕಾರ್ಯಕ್ರಮ ತಯಾರಾಗ್ತಿದ್ದಿದ್ದು ಹೈದರಾಬಾದಿನಲ್ಲಿ. ನಿಜಾಮ್ ಟೆರಿಟರಿ ಅಂದೆನಲ್ಲ, ಅದು ಇಲ್ಲೂ ಬಿಡಲಿಲ್ಲ ನೋಡ್ರಿ.

ಈ ಪ್ರಯೋಗದಲ್ಲಿ ಶಾಲೆ ಮಕ್ಕಳ ಚಿತ್ರಗಳನ್ನ ಮಾಡಿಸೋ ಹೊಣೆ ಇದ್ದಿದ್ದು ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದ ಮೇಲೆ, ಅದರ ಮುಖ್ಯಸ್ಥೆ ವಿಜಯಾ ಮುಳೆ. ದೆಹಲಿಯಲ್ಲಿ ನೂರಾರು ಸದಸ್ಯರಿಗೆ ಸಿನಿಮಾ ತೋರಿಸಿದವರು ಈಗ ಟಿಕೆಟ್ ಇಲ್ಲ, ಚಂದಾ ಇಲ್ಲ, ಓದು ಬರಬೇಕಂತಿಲ್ಲ, ಅಂಥ ಮಕ್ಕಳಿಗೆ ತೋರಿಸಿದ್ರು. ಸದಸ್ಯತ್ವದ ಬಾಗಿಲು ಯಾರಿಗೆ ಅಂತ ಆಗಲೇ ಕೇಳಿದ್ನಲ್ಲ, ಅದಕ್ಕೆ ಆಕೆ ಮಾತಲ್ಲಿ ಉತ್ತರ ಕೊಟ್ಟಿದ್ರೋ ಇಲ್ಲವೋ, ಕೆಲಸದಲ್ಲಿ ಕೊಟ್ಟಿದ್ದು ಇದು ಅಂತ ನಾನು ತಿಳ್ಕೊಂಡಿದ್ದೀನಿ. ವರ್ಷ ಮುಗೀತು, ಉಪಗ್ರಹವನ್ನ ಭಾರತದ ಮೇಲಿಂದ ಸರಿಸಿಕೊಂಡು ಹೋದ್ರು. ಹುಮನಾಬಾದಿನಿಂದ ಕಮಲಾಪುರದ ದಾರಿ ಹಿಡಿದ್ರೆ ಗುಲ್ಬರ್ಗಾ ಜಿಲ್ಲೆ ಸ್ವಲ್ಪ ಹೊತ್ತಲ್ಲೇ ಸಿಗುತ್ತೆ. ಅಷ್ಟು ಹತ್ತಿರ ಬಂದು ವಾಪಸ್ ಹೋಯ್ತು.

ಇನ್ನೊಂದು ಮಾತು. ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಮುಗಿದ ಮೇಲೆ ಎದ್ದು ಹೋಗೋ ಹಾಗಿಲ್ಲ, ಕೂತು ಮಾತಾಡಬೇಕು. ಯಾಕೆ ಹಿಡಿಸ್ತು, ಯಾಕೆ ಹಿಡಿಸಲಿಲ್ಲ. ಲಂಡನ್ನಿನಿಂದ ಬಂದ ಪದ್ಧತಿ ಅಂತಾರೆ, ಇರಲಿ. ಕೂತು ಪ್ರಶ್ನೆ ಕೇಳೋದು, ಹೆಣ್ಣುಮಗಳೊಬ್ಬಳು ಎದ್ದು ನಿಂತು ಉತ್ತರ ಕೊಡೋದು, ಇದು ಕಲ್ಯಾಣಕ್ಕೆ ಹೊಸದೇನಲ್ಲ. ಅಲ್ಲಮಪ್ರಭು ಕೇಳಿದ, ಅಕ್ಕ ಮಹಾದೇವಿ ಉತ್ತರ ಕೊಟ್ಟ ಕಥೆ ಹೇಳ್ತಾ ಬೆಳೆದ ಊರು ನಮ್ಮದು.

ವಿಜಯಾ ಮುಳೆ ತೀರಿಕೊಂಡಿದ್ದು 2019ರ ಮೇ 19ರಂದು, ದೆಹಲಿಯಲ್ಲಿ. 98 ತುಂಬಿ ಮೂರು ದಿನ. ಅದಕ್ಕೂ ಮುಂಚೆ, 2010ರಲ್ಲಿ, ಹೊರದೇಶದ ಸಿನಿಮಾಗಳು ಭಾರತವನ್ನ ಹೇಗೆ ತೋರಿಸಿವೆ ಅಂತ ದೊಡ್ಡ ಪುಸ್ತಕ ಬರೆದು ಮುಗಿಸಿದ್ರು. ಆಗ ವಯಸ್ಸು 89.

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. ಫೋನ್‌ನಲ್ಲಿ ಎಲ್ಲಾ ಸಿಗುತ್ತಲ್ಲ, ಇನ್ಯಾಕೆ ಸೊಸೈಟಿ? ಸಿಗುತ್ತೆ ನಿಜ. ‘ರಾಶೋಮನ್’ ಹುಡುಕಿದ್ರೆ ಸಿಗುತ್ತೆ. ಹುಡುಕೋಕೆ ಅದರ ಹೆಸರು ಯಾರು ಹೇಳ್ತಾರೆ? ಫೋನು ನೀವು ನಿನ್ನೆ ನೋಡಿದ್ದರ ತರಹದ್ದನ್ನೇ ಇವತ್ತು ಮುಂದಿಡುತ್ತೆ. ಅದು ಹಳೆ ಪೆಟ್ಟಿಗೆ ಕಳಿಸೋನ ಲೆಕ್ಕವೇ: ಈ ಗಿರಾಕಿ ಹತ್ತಿರ ಯಾವುದು ಓಡುತ್ತೆ. ಅಷ್ಟೇ, ಈಗ ಒಂದೊಂದು ಫೋನೂ ಒಂದೊಂದು ಟೆರಿಟರಿ.

ಖರ್ಚು ಮಾತ್ರ ಪೂರ್ತಿ ಬದಲಾಗಿದೆ. 16 ಎಂಎಂ ರೀಲ್ ಇಲ್ಲ, ರೈಲಿನಲ್ಲಿ ಡಬ್ಬಿ ಕಳಿಸೋದಿಲ್ಲ. ಮನರಂಜನಾ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಸೇರಿತು. ಪ್ರೊಜೆಕ್ಟರ್ ಕಾಲೇಜುಗಳಲ್ಲಿ ಧೂಳು ತಿಂತಾ ಇದೆ. ಒಂದೇ ತೊಂದರೆ, ಮನೆಯಲ್ಲಿ ನೋಡೋ ಆ್ಯಪ್‌ನ ಖಾತೆ ತಂದು ಹಾಲ್‌ನಲ್ಲಿ ಹಾಕೋ ಹಾಗಿಲ್ಲ, ಹಕ್ಕು ಇರೋರ ಒಪ್ಪಿಗೆ ಬೇಕು. ನಮ್ಮ ಕಡೆಯ ಕಿರುಚಿತ್ರ ಮಾಡೋ ಹುಡುಗರಿಂದ ಒಪ್ಪಿಗೆ ಸಿಗೋದು ಕಷ್ಟ ಅಲ್ಲ, ಅವರಿಗೂ ನೋಡೋರು ಬೇಕು.

ನಾನು ಕಾಯ್ದೆನೂ ನೋಡಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ನೋಂದಾಯಿಸೋಕೆ ಕನಿಷ್ಠ ಏಳು ಜನ ಬೇಕು. ಸದ್ಯಕ್ಕೆ ನನ್ನ ಹತ್ತಿರ ನಾಲ್ಕು ಇದ್ದಾರೆ: ಹುಮನಾಬಾದಿನ ಇಬ್ಬರು, ಬಸವಕಲ್ಯಾಣದ ಒಬ್ಬ ಲೆಕ್ಚರರ್ ಮೇಡಂ, ಮತ್ತೆ ನಾನು. ಕಾರ್ಯದರ್ಶಿ ಯಾರಾಗಬೇಕು ಅಂತ ಮೇಡಂ ಕೇಳಿದ್ರು. ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರೋ ಹಾಲ್ ಯಾರ ಹತ್ತಿರಾದ್ರೂ ಇದ್ರೆ ಕೆಳಗೆ ಬರೀರಿ.